ಹಸಿರು ಮೋರೆಯ ಅರ್ಥ

ಬಡವನಹಳ್ಳಿ ಸುತ್ತಿನ ಊರುಗಳಲ್ಲಿ ಯಾವ ಅಮ್ಮನವರ ಮರದ ವಿಗ್ರಹದ ಬಣ್ಣ ಮಾಸಿದರೂ ಕರೆ ಹೋಗುತ್ತಿದ್ದದ್ದು ಮಹಾಲಿಂಗಯ್ಯನಿಗೆ. ನಲವತ್ತು ವರ್ಷ ಆ ಕೆಲಸ ಮಾಡಿದವನು. ಯಾವ ದೇವಿಗೆ ಯಾವ ಬಣ್ಣ, ಯಾವ ಕೈಗೆ ಎಷ್ಟು ಬಳೆ, ರಕ್ಕಸಿಯ ಮೋರೆಗೆ ಮಾತ್ರ ಹಸಿರು ಯಾಕೆ, ಎಲ್ಲವನ್ನೂ ತಡವರಿಸದೆ ಹೇಳುತ್ತಿದ್ದ. ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಹೆಂಡತಿ ಕೆಂಚಮ್ಮನೂ ಕೇಳಿರಲಿಲ್ಲ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಬೊಂಬಾಯಿಯಲ್ಲಿ ಚಿತ್ರವಿದ್ಯೆ ಕಲಿತ ತರುಣನೊಬ್ಬ ಮಧುಗಿರಿ ಬೆಟ್ಟವನ್ನು ಬರೆಯಲು ಬಂದು, ಪಟೇಲ ಬೊಮ್ಮಪ್ಪನ ಮನೆಯಲ್ಲಿ ಇಪ್ಪತ್ತು ದಿನ ಉಂಡುಹೋದ. ಹೋಗುವ ಮುಂಚೆ ಪಟೇಲನ ಹೆಂಡತಿ ನರಸಿಂಹಮ್ಮನನ್ನು ಕೆರೆಯ ಮೆಟ್ಟಿಲ ಮೇಲೆ ನಿಲ್ಲಿಸಿ ಏನೇನೋ ಗೀಚಿಕೊಂಡಿದ್ದ. ಮೂರು ತಿಂಗಳ ಮೇಲೆ, ಗೋಣಿತಟ್ಟು ಸುತ್ತಿದ ಚಿತ್ರ ಬಸ್ಸಿನಲ್ಲಿ ಬಂದಿಳಿಯಿತು.

ಬಿಚ್ಚಿದರೆ, ಮೇಲೊಬ್ಬಳು ಹೆಂಗಸು. ಕೆಳಗೆ ನೀರಿನಲ್ಲಿ ತಲೆಕೆಳಗಾಗಿ ಅವಳೇ. ಮೇಲಿನವಳ ಮೂಗು ಒಂದು ಕಡೆ, ಎರಡು ಕಣ್ಣೂ ಇನ್ನೊಂದು ಕಡೆ. ನೀರಿನವಳ ಮೋರೆ ಕಡುಹಸಿರು. ಹೊಟ್ಟೆ ಇರಬೇಕಾದಲ್ಲಿ ಕಪ್ಪು ತೂತು. ಕೈಗಳು ತುಂಡುತುಂಡು, ಒಂದು ಬಳೆಯೂ ಇಲ್ಲ.

“ನಮ್ಮನೆ ತುಪ್ಪ ತಿಂದು ಇಂಥದ್ದು ಕಳಿಸವ್ನಲ್ಲಾ, ಅವನ ಕೈ ಸೇದೋಗ!” ಎಂದಳು ಬೊಮ್ಮಪ್ಪನ ತಾಯಿ ರಂಗಕ್ಕ.

“ನನ್ ಮೂಗು ಇಷ್ಟುದ್ದ ಐತಾ?” ಬಾಗಿಲ ಮರೆಯಲ್ಲಿ ನರಸಿಂಹಮ್ಮ ಕಿಸಕ್ಕನೆ ನಕ್ಕಳು.

ಆ ನಗುವನ್ನು ರಂಗಕ್ಕನಿಗೆ ಸಹಿಸಲಾಗಲಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾದರೂ ಸೊಸೆಗೆ ಮಕ್ಕಳಿಲ್ಲ. ಸೀಬೆ ಊರಿನ ಕಡೆಯ ಒಂದು ಹೆಣ್ಣನ್ನು ಮಗನಿಗೆಂದು ರಂಗಕ್ಕ ಆಗಲೇ ಗೊತ್ತುಮಾಡಿಟ್ಟಿದ್ದಳು. ಒಪ್ಪದವನು ಮಗ ಮಾತ್ರ. “ಮಾಲಿಂಗಯ್ಯನ್ನ ಕರೆಸು. ಇದೇನು ಹೇಳ್ತೈತೆ ಅಂತ ಅವನೇ ಹೇಳ್ಲಿ. ಕೆಟ್ಟದ್ದಿಲ್ಲ ಅಂದ್ರೆ ನಾನಿನ್ನು ಎರಡನೇ ಮದುವೆ ಮಾತೆತ್ತಲ್ಲ,” ಎಂದಳು. ಬೊಮ್ಮಪ್ಪ ಹಗುರಾಗಿ ಒಪ್ಪಿಕೊಂಡ.

ಮಹಾಲಿಂಗಯ್ಯ ಬಂದು ಚಿತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವನಿಗೆ ಏನೂ ತಿಳಿಯಲಿಲ್ಲ. ಗೆರೆಯ ಓಟ ನೋಡಿದರೆ ಕಲಿಯದವನ ಕೈಯಲ್ಲ. ಆದರೂ ತಾನು ಬಲ್ಲ ಒಂದೊಂದು ಕಟ್ಟಳೆಯನ್ನೂ ಬರೆದವನು ಮುರಿದಿದ್ದಾನೆ. ಜಗಲಿಯಲ್ಲಿ ಊರೇ ಕೂತಿತ್ತು.

“ಏನಯ್ಯಾ, ಎಷ್ಟೊತ್ತು? ನೀನೂ ಬರೀ ಸುಣ್ಣ ಬಳಿಯೋನೇನಾ?” ರಂಗಕ್ಕ ಕೇಳಿದಳು. ಗಾಡಿ ಹೊಡೆಯುವ ಯತ್ತಪ್ಪ ಗೊಳ್ಳೆಂದು ನಕ್ಕ. ಜಗಲಿಯೆಲ್ಲ ನಕ್ಕಿತು.

ಮಹಾಲಿಂಗಯ್ಯನ ಕಿವಿ ಬಿಸಿಯಾಯಿತು. “ಮೇಲಿರೋದು ಬರೀ ಮೈ,” ಎಂದ. “ನೀರ್ನಾಗಿರೋಳು ಒಳಗಿನೋಳು. ಹಸಿರು ಮೋರೆ ಯಾರಿಗೆ ಹಾಕ್ತೀವಿ ನಿಮಗೇ ಗೊತ್ತು. ಹೊಟ್ಟೆ ಸುಟ್ಟು ಕರಿಕಾಗೈತೆ. ಬಳೆ ಇಲ್ಲ ಅಂದ್ರೆ...”

ಬೊಮ್ಮಪ್ಪನ ಮುಖ ನೋಡಿ ನಿಲ್ಲಿಸಿದ.

“ಅಂದ್ರೆ?” ಬೊಮ್ಮಪ್ಪನೇ ಕೇಳಿದ.

“ಯಜಮಾನಂಗೆ ಒಳ್ಳೇದಲ್ಲ ಬುಡಿ.”

ಈಗ ಯಾರೂ ನಗಲಿಲ್ಲ. ಅದು ಅವನಿಗೆ ಹಿತವಾಗಿತ್ತು.

ಮಾರನೆಯ ಬೆಳಿಗ್ಗೆ ಅವನು ಕೆರೆಯಲ್ಲಿ ಕುಂಚ ತೊಳೆಯುತ್ತಿದ್ದಾಗ ಯತ್ತಪ್ಪನ ಗಾಡಿ ಬಂದು ನಿಂತಿತು. ನರಸಿಂಹಮ್ಮನನ್ನು ಗೌಡಗೆರೆಯ ತವರಿಗೆ ಬಿಟ್ಟುಬರಲು ಹೊರಟಿದ್ದ. ಎತ್ತು ನೀರು ಕುಡಿಯುವಷ್ಟು ಹೊತ್ತು ಅವಳು ಇಳಿದು ಅದೇ ಮೆಟ್ಟಿಲ ಮೇಲೆ ನಿಂತಳು. ರಾತ್ರಿಯೆಲ್ಲ ಅತ್ತು ಕಣ್ಣು ಊದಿದ್ದವು.

ಮಹಾಲಿಂಗಯ್ಯ ತಲೆಯೆತ್ತದೆ ನೀರು ನೋಡಿದ. ನೀರಿನಲ್ಲಿ ಅವಳಿದ್ದಳು. ಪಾಚಿಯ ಕೆಳಗೆ ಮೋರೆ ಕಡುಹಸಿರು. ಮೆಟ್ಟಿಲ ಕಲ್ಲಿನ ನೆರಳು ಹೊಟ್ಟೆಯ ಮೇಲೆ ಕಪ್ಪಗೆ ಬಿದ್ದಿತ್ತು. ಎತ್ತು ಮೂತಿ ಇಟ್ಟಾಗ ಎದ್ದ ಅಲೆಯಲ್ಲಿ ಕೈಗಳು ತುಂಡಾಗಿ ಅಲ್ಲಾಡುತ್ತಿದ್ದವು, ಬಳೆ ಕಾಣುತ್ತಿರಲಿಲ್ಲ. ನೀರಿನವಳನ್ನು ತರುಣ ಕಂಡಂತೆಯೇ ಬರೆದಿದ್ದ, ಅಷ್ಟೆ.

“ಅಣ್ಣಯ್ಯ, ನಿನ್ ದಮ್ಮಯ್ಯ. ಸರಿಯಾಗಿ ನೋಡಿ ಹೇಳು. ಆ ಚಿತ್ರದಾಗಿರೋಳು ನಾನೇನಾ?”

ಪಟೇಲನ ಮನೆಯ ಹೆಂಚು ಅಲ್ಲಿಂದಲೇ ಕಾಣುತ್ತಿತ್ತು. ಗಾಡಿ ತಿರುಗಿಸಲು ಎರಡು ಮಾತು ಸಾಕಿತ್ತು. ಯತ್ತಪ್ಪ ಬೀಡಿ ಹಚ್ಚಿಕೊಂಡು, ಇವನೇನು ಹೇಳುತ್ತಾನೋ ಎಂದು ಇತ್ತಲೇ ನೋಡುತ್ತಿದ್ದ.

“ನೀನೇ ಕಣಮ್ಮ,” ಎಂದ ಮಹಾಲಿಂಗಯ್ಯ. “ನಾನು ಹೇಳಿದ್ದು ಯಾವತ್ತೂ ಸುಳ್ಳಾಗಿಲ್ಲ.”

ಅವಳು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು, “ಅಂಗಾದ್ರೆ ನಂದೇ ತಪ್ಪು. ಅವರಾದ್ರೂ ಚೆಂದಾಗಿರ್ಲಿ,” ಎಂದು ಗಾಡಿ ಹತ್ತಿದಳು.

ಆ ವರ್ಷ ಮಹಾಲಿಂಗಯ್ಯನ ಹೆಸರು ಕೊರಟಗೆರೆಯವರೆಗೆ ಹಬ್ಬಿತು. ಶ್ರಾವಣದಲ್ಲಿ ಸೀಬೆಯ ಹೆಣ್ಣನ್ನು ಕರೆತಂದಾಗ ಅವಳು ಹೇಗೆಂದು ನೋಡಿ ಹೇಳಲು ಬೊಮ್ಮಪ್ಪನೇ ಅವನನ್ನು ಕರೆಸಿದ. ಹುಡುಗಿಯ ಹೆಸರು ಕೊಲ್ಲಾಪುರಮ್ಮ, ವಯಸ್ಸು ಹದಿನೈದು.

“ಸುಮ್ನೆ ನೋಡಿದ್ರೆ ತಿಳಿಯಲ್ಲ,” ಎಂದ ಮಹಾಲಿಂಗಯ್ಯ, ಎಲೆಯಡಿಕೆ ಜಗಿಯುತ್ತ. “ಕೆರೆ ಹತ್ರ ನಿಲ್ಸಿ.”

ಹುಡುಗಿ ಮೆಟ್ಟಿಲಿಳಿದು ನೀರಿಗೆ ಬಗ್ಗಿ, ತನ್ನನ್ನೇ ನೋಡಿಕೊಂಡು ನಾಚಿ ನಕ್ಕಳು. ಪಾಚಿಯ ಕೆಳಗೆ ಆ ಮೋರೆಯೂ ಕಡುಹಸಿರಾಗಿತ್ತು. ಹಿಂದೆ ನಿಂತಿದ್ದವರೆಲ್ಲ ಉಸಿರು ಹಿಡಿದು ಮಹಾಲಿಂಗಯ್ಯನ ಬಾಯನ್ನೇ ಕಾಯುತ್ತಿದ್ದರು.