ನಡುವಿನ ನಾಲ್ಕು ವರ್ಷ

ಮೊನ್ನೆ ನಮ್ಮ ಪುಟ್ಟಿಯ ಮುಂದಿನ ಹಲ್ಲು ಬಿತ್ತು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಈ ಸುದ್ದಿ ತಿಳಿಯದವರು ಯಾರೂ ಇಲ್ಲ. ಮನೆಮನೆಗೆ ಹೋಗಿ ಹೇಳಿದವಳು ನಾನೇ, ವಾಚ್‌ಮನ್‌ನನ್ನೂ ಬಿಡಲಿಲ್ಲ. ಮೊಮ್ಮಗಳು ನಕ್ಕರೆ ಈಗ ನಾಲಗೆಯ ತುದಿ ಹೊರಗೆ ಇಣುಕುತ್ತದೆ. ಅದನ್ನು ನೋಡುತ್ತಾ ಕುಳಿತರೆ ನನಗೆ ಊಟವೂ ಬೇಡ.

ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಇವತ್ತು ಸಂಜೆ ಕನ್ನಡಿಯ ಮುಂದೆ ನಿಂತು, ಆ ಜಾಗಕ್ಕೆ ಬೆರಳು ತೂರಿಸಿ ಕೇಳಿದಳು: "ಅಜ್ಜಿ, ಗ್ಯಾಪ್ ಕೋ ಕನ್ನಡ ಮೇ ಕ್ಯಾ ಬೋಲ್ತೇ ಹೈ?"

ನಾನು ಶಾಲೆ ಕಂಡದ್ದು ನಾಲ್ಕನೇ ಕ್ಲಾಸಿನವರೆಗೆ. ಆದರೆ ಕೇಳಿದ್ದು ಮೊಮ್ಮಗಳು, ಬಿಡುತ್ತೇನೆಯೇ? ಹಲ್ಲಿನ ನಡುವೆ ಇದ್ದರೆ ಸಂದು. ಗೋಡೆ ಒಡೆದರೆ ಬಿರುಕು. ಬೇಲಿ ಮುರಿದು ದನ ನುಗ್ಗಿದರೆ ಕಂಡಿ. ಸುರಿಯುವ ಮಳೆ ಸ್ವಲ್ಪ ಹೊತ್ತು ನಿಂತರೆ ಹೊಳವು. ಕೆಲಸದ ನಡುವೆ ಸಿಕ್ಕಿದರೆ ಬಿಡುವು. ಲೋಕಲ್‌ ಗಾಡಿಯಲ್ಲಿ ಮೂವರು ಕುಳಿತ ಸೀಟಿಗೆ ನಾಲ್ಕನೆಯವಳು ತೂರಿಕೊಳ್ಳುತ್ತಾಳಲ್ಲ, ಅದು ಎಡೆ.

"ಇತನಾ ಸಾರಾ!" ಎಂದು ಕಣ್ಣರಳಿಸಿದಳು. "ಔರ್ ಮಮ್ಮಿ ಕಾ ಗ್ಯಾಪ್?"

ನನ್ನ ಮೈಯೆಲ್ಲ ಉರಿಯಿತು. ಮಗುವಿನ ಮೇಲಲ್ಲ. ಯಾರ ಮೇಲೆಂದು ಹೇಳುತ್ತೇನೆ, ಕೇಳಿ.

ಪುಟ್ಟಿ ಎಂಟು ತಿಂಗಳಿಗೇ ಹುಟ್ಟಿದ ಕೂಸು. ಎತ್ತಿಕೊಳ್ಳಲು ಹೆದರಿಕೆಯಾಗುತ್ತಿತ್ತು, ಅಷ್ಟು ಸಣ್ಣದು. ಹಾಲು ಎಳೆಯುವ ಶಕ್ತಿಯೂ ಇರಲಿಲ್ಲ. ನನ್ನ ಸೊಸೆ ಶೈಲಾ ಠಾಣೆಯ ಆಫೀಸಿನ ಕೆಲಸ ಬಿಟ್ಟು, ಒಳಲೆಯಲ್ಲಿ ಹನಿ ಹನಿಯಾಗಿ ಹಾಲು ಹಾಕಿ ಅದನ್ನು ಉಳಿಸಿಕೊಂಡಳು. ಮಗು ಗಟ್ಟಿಯಾಗಿ ಬಾಲವಾಡಿಗೆ ಹೋಗತೊಡಗಿದ ಮೇಲೆ ಮತ್ತೆ ಕೆಲಸ ಹುಡುಕಿದಳು. ಮೊದಲ ಇಂಟರ್‌ವ್ಯೂ ಠಾಣೆಯಲ್ಲೇ. ಮಗು ತಾಯಿಯನ್ನು ಬಿಡದೆ ಅತ್ತಿತೆಂದು ನಾನೂ ಅದನ್ನೆತ್ತಿಕೊಂಡು ಹೋದೆ. ನಾವು ಹೊರಗಿನ ಕುರ್ಚಿಯಲ್ಲಿ. ಬಾಗಿಲು ಪೂರ್ತಿ ಹಾಕಿರಲಿಲ್ಲ.

"ಯೇ ಚಾರ್ ಸಾಲ್ ಕಾ ಗ್ಯಾಪ್ ಕ್ಯೂ? ಕ್ಯಾ ಕರ್ ರಹೀ ಥೀ ಆಪ್?" ಈ ನಾಲ್ಕು ವರ್ಷ ಏನು ಮಾಡುತ್ತಿದ್ದಿರಿ ಎಂದು ಒಳಗಿನ ಗಂಡಸು ಕೇಳಿದ.

"ಕುಛ್ ನಹೀ ಸರ್. ಘರ್ ಪೇ ಥೀ," ಅಂದಳು ಶೈಲಾ.

ಏನೂ ಇಲ್ಲವಂತೆ! ನನ್ನ ತೊಡೆ ಜೋಮು ಹಿಡಿಯುವಷ್ಟು ಭಾರವಾಗಿ ಮಲಗಿತ್ತು, ಆ 'ಏನೂ ಇಲ್ಲ'. ಕೇಳಿದ ಮಹಾಶಯ ಪ್ಯಾಂಟು ಶರಟು ತೊಟ್ಟುಕೊಂಡೇ ಹುಟ್ಟಿ ಬಂದಿದ್ದನೇ? ಆದರೆ ಅವನ ಮೇಲೆ ಬಂದ ಸಿಟ್ಟು ಒಂದು ಪಾಲಾದರೆ, ಇವಳ ಮೇಲೆ ಬಂದದ್ದು ಮೂರು ಪಾಲು. ಗಾಡಿ ಹತ್ತಿದ್ದೇ ಶುರು ಮಾಡಿದೆ.

"ಎಂತದು ಕುಛ್ ನಹೀ? ಎಂತದು ಅಂತ ಕೇಳಿದ್ದು ನಾನು!"

"ಮತ್ತೆ ಎಂತ ಹೇಳ್ಬೇಕಿತ್ತು ಅತ್ತೆ? ಅಲ್ಲಿ ಹಾಗೆಲ್ಲ ಹೇಳ್ಲಿಕ್ಕೆ ಆಗುದಿಲ್ಲ."

"ಯಾಕೆ, ನಾಲಗೆ ಇಲ್ವಾ ನಿಂಗೆ?"

"ಮೆಲ್ಲ ಅತ್ತೆ. ಜನ ನೋಡ್ತಾರೆ."

"ನೋಡ್ಲಿ!"

ಎದುರಿಗೆ ಮೆಂತೆಸೊಪ್ಪು ಬಿಡಿಸುತ್ತಿದ್ದ ಮರಾಠಿ ಹೆಂಗಸು, "ಮಾವಶಿ, ಸುನೇಲಾ ಕಶಾಲಾ ಓರಡ್ತಾ?" ಎಂದು ನನ್ನನ್ನೇ ಗದರಿದಳು. ಸೊಸೆಯನ್ನು ಬೈಯುತ್ತಿಲ್ಲ ತಾಯಿ, ಸೊಸೆಯ ಪರವಾಗಿ ಬೈಯುತ್ತಿದ್ದೇನೆ ಎಂದು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅವಳಿಗೆ ಏನು ತಿಳಿಯಿತೋ, ಮಗುವಿನ ಕೈಗೆ ಒಂದು ಮೆಂತೆ ಕಡ್ಡಿ ಕೊಟ್ಟಳು.

ಮುಂದಿನ ವಾರ ಐರೋಲಿಯ ಒಂದು ಆಫೀಸಿನಿಂದ ಕರೆ ಬಂತು. "ನಾ ಹೋಗುದಿಲ್ಲ ಅತ್ತೆ. ಮತ್ತೆ ಅದೇ ಕೇಳ್ತಾರೆ," ಎಂದು ಶೈಲಾ ಕುಳಿತುಬಿಟ್ಟಳು. ಇನ್ನು ಕೆಲಸದ ಹೆಸರೇ ಎತ್ತುವುದಿಲ್ಲವೆಂದಳು. ಆಗ ನನಗೆ ಕಳವಾ ಸ್ಟೇಷನ್ನಿನ ಹತ್ತಿರ ನಾವು ನಡೆಸುತ್ತಿದ್ದ ಹೋಟೆಲು ನೆನಪಾಯಿತು. ನಮ್ಮ ಯಜಮಾನರು ಗಲ್ಲಾದಲ್ಲಿ, ನಾನು ಅಡುಗೆಮನೆಯಲ್ಲಿ. ಮಧ್ಯಾಹ್ನದ ಊಟ ಮುಗಿದ ಮೇಲೆ ಶಟರ್ ಅರ್ಧ ಎಳೆದು 'ಬಂದ್' ಅನ್ನುತ್ತಿದ್ದೆವು. ಗಿರಾಕಿಗಳು ಬಗ್ಗಿ ನೋಡಿ, "ಆರಾಮ್ ಚಾಲೂ ಹೈ ಕ್ಯಾ ಅಣ್ಣಾ?" ಎಂದು ಚುಚ್ಚಿ ಹೋಗುತ್ತಿದ್ದರು. ಎಲ್ಲಿಯ ಆರಾಮು! ಒಳಗೆ ಗ್ರೈಂಡರ್ ತಿರುಗುತ್ತಿತ್ತು, ಕಾಯಿ ತುರಿಯುತ್ತಿದ್ದೆ, ಮಸಾಲೆ ಹುರಿಯುತ್ತಿದ್ದೆ. ಸಂಜೆ ಅದೇ ಗಿರಾಕಿ ಚಪ್ಪರಿಸಿ ತಿನ್ನುವ ದೋಸೆಯೆಲ್ಲ ಆ ಅರ್ಧ ಶಟರಿನ ಹಿಂದೆ ಆದದ್ದು.

"ಆ ಹೊತ್ತಲ್ಲಿ ಎಂತ ಮಾಡ್ತಿದ್ರಿ ಅಂತ ಯಾರಾದ್ರೂ ಕೇಳಿದ್ರೆ ಕುಛ್ ನಹೀ ಅನ್ಲಾ ನಾನು?" ಎಂದು ಕೂಗಿದೆ.

ಶೈಲಾ ಮರುದಿನ ಸೀರೆಗೆ ಇಸ್ತ್ರಿ ಹಾಕಿ ಐರೋಲಿಗೆ ಹೊರಟಳು.

ಸಂಜೆ ಬಂದವಳೇ, "ಹೇಳಿದೆ ಅತ್ತೆ," ಅಂದಳು.

"ಎಂತ ಹೇಳಿದೆ?"

"ಬಚ್ಚೀ ಕೋ ಬಚಾಯಾ ಸರ್, ಅಂತ. ಮಗು ಉಳಿಸ್ಕೊಂಡೆ ಅಂತ."

"ಅವ ಎಂತ ಹೇಳಿದ?"

"ವಾಚ್ ನೋಡಿದ." ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆ ಕೆಲಸ ಸಿಗಲಿಲ್ಲ. ಕೆಲವು ತಿಂಗಳ ಮೇಲೆ ಕಲ್ಯಾಣ್ ಊರಿನ ಒಂದು ಆಫೀಸಿನಲ್ಲಿ ಸಿಕ್ಕಿತು, ಈಗಲೂ ಹೋಗುತ್ತಾಳೆ.

ಆದರೂ ಗೆಳತಿಯರ ಫೋನು ಬಂದರೆ ಈ ಮಾರಾಯ್ತಿ, "ನಂಗೆ ನಡುವೆ ಗ್ಯಾಪ್ ಆಯ್ತಲ್ಲ," ಅನ್ನುತ್ತಾಳೆ. ಮಗುವಿನ ಕಿವಿಗೆ ಬಿದ್ದದ್ದು ಅದೇ. ನನ್ನ ಪದಗಳನ್ನೆಲ್ಲ ಮತ್ತೊಮ್ಮೆ ತಡಕಾಡಿದೆ. ಬಿರುಕೇ? ಅಲ್ಲ. ಬಿಡುವಂತೂ ಅಲ್ಲವೇ ಅಲ್ಲ. "ಅದಕ್ಕೆ ಕನ್ನಡ ಇಲ್ಲ, ಹೋಗು!" ಎಂದು ಗದರಿದೆ.

ಪುಟ್ಟಿಗೆ ಅದರ ಪರಿವೆಯೇ ಇಲ್ಲ. ನಾಲಗೆಯಿಂದ ವಸಡನ್ನು ಒತ್ತುತ್ತಾ ಇದ್ದವಳು ಒಮ್ಮೆಲೇ ಕಿರುಚಿದಳು: "ಅಜ್ಜಿ! ಯೇ ಖಾಲಿ ನಹೀ ಹೈ! ಅಂದರ್ ಕುಛ್ ಹೈ!"

ಬೆರಳಿಟ್ಟು ನೋಡಿದೆ. ಅಕ್ಕಿಯ ನುಚ್ಚಿನ ಮೊನೆಯಷ್ಟು ಹೊಸ ಹಲ್ಲು, ಚೂಪಾಗಿ ಚುಚ್ಚಿತು. ಅಷ್ಟರಲ್ಲಿ ಶೈಲಾ ಸ್ಟೇಷನ್ನಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಸಿಟ್ಟು ಎಲ್ಲಿ ಹೋಯಿತೋ, ಕೂತಲ್ಲಿಂದಲೇ ಕೂಗಿದೆ.

"ಶೈಲಾ, ಬ್ಯಾಗ್ ಅಲ್ಲೇ ಇಡು. ಕೈ ತೊಳ್ದು ಬಾ. ಇಲ್ಲಿ ಮುಟ್ಟಿ ನೋಡು."