ಮಶೇರಿ ಬಿಟ್ಟ ಅವ್ವ

ಮಡಗಾಂವ್ ಮಾರುಕಟ್ಟೆಯಲ್ಲಿ ಹಳೆ ಗೋಣಿಚೀಲ ಕೊಂಡು ಮಾರುತ್ತ ತಲೆ ಎತ್ತಿದವನು ನಾನು. ಎದುರಿನವನು ಎಲ್ಲಿ ಬಗ್ಗುತ್ತಾನೆಂದು ಅವನು ಬಾಯಿ ತೆರೆಯುವ ಮೊದಲೇ ಹೇಳಬಲ್ಲೆ. ಆದರೆ ಎಂಬತ್ತರ ದಶಕದ ಕೊನೆಯಲ್ಲಿ ಅವ್ವನ ಆರೋಗ್ಯದ ವಿಷಯದಲ್ಲಿ ನಾನು ಕುದುರಿಸಿದ ವ್ಯವಹಾರ ಲಾಭದ್ದೋ ಲುಕ್ಸಾನಿನದೋ, ಇವತ್ತಿಗೂ ಗೊತ್ತಾಗಿಲ್ಲ.

ವಾಸ್ಕೋ ಬಂದರಿನ ಮೇಲಿರುವ ಸಡಾ ಗುಡ್ಡದ ಇಳಿಜಾರಿನಲ್ಲಿ ನಮ್ಮ ಮನೆ. ಏರಿನ ತುದಿಯಲ್ಲಿ ವಿಜಾಪುರದ ಕಡೆಯ ಒಬ್ಬ ಅಜ್ಜಿಯ ಅಂಗಳ. ಗಂಡಸರು ಬಂದರಿನ ಕೆಲಸಕ್ಕೆ ಹೋದ ಮೇಲೆ, ಮಧ್ಯಾಹ್ನ, ನಮ್ಮ ಸೀಮೆಯ ಮುದುಕಿಯರೆಲ್ಲ ಅಲ್ಲಿ ಸೇರುತ್ತಿದ್ದರು. ಅಜ್ಜಿ ಹಂಚಿನ ಮೇಲೆ ತಂಬಾಕನ್ನು ಕರ್ರಗೆ ಹುರಿದು ಮಶೇರಿ ಪುಡಿ ಮಾಡುತ್ತಿದ್ದಳು. ಬಂದವರು ಒಂದು ಚಿಟಿಕೆ ತೆಗೆದುಕೊಂಡು, ಬೆರಳಿನಿಂದ ಒಸಡಿಗೆ ತಿಕ್ಕುತ್ತ ಹರಟಬೇಕು. ಕೊಟ್ಟ ಚಿಟಿಕೆಯನ್ನು ಬೇಡವೆಂದರೆ ಆ ಮನೆಯ ಮೇಲೆ ಮುನಿಸೆಂದೇ ಲೆಕ್ಕ.

ಅವ್ವನ ಒಸಡಿನ ಮೇಲೆ ಬಿಳಿ ಕಲೆ ಎದ್ದಿತು. ವಾಸ್ಕೋದ ಡಾಕ್ಟರು ಟಾರ್ಚು ಬಿಟ್ಟು ನೋಡಿದರು. ತಂಬಾಕು ಈಗಲೇ ಬಿಟ್ಟರೆ ಒಳ್ಳೆಯದು, ಬಿಡದಿದ್ದರೆ ಮುಂದೆ ಕ್ಯಾನ್ಸರ್ ಆಗಬಹುದು ಎಂದರು. ಬಸ್ಸಿನಲ್ಲಿ ಕೂತು ನಾನು ಮನಸ್ಸಿನಲ್ಲೇ ಚೌಕಾಸಿಗೆ ತಯಾರಾದೆ. ಬದಲಿಗೆ ರೇಡಿಯೋ ಕೊಡಿಸುವುದು, ಅದಕ್ಕೂ ಒಪ್ಪದಿದ್ದರೆ ಊರಿಗೊಮ್ಮೆ ಕರೆದೊಯ್ಯುವುದು. ಮನೆ ಸೇರಿದ್ದೇ ಮಶೇರಿ ಬಿಡಬೇಕೆಂದೆ.

“ಆತು, ಬಿಟ್ಟೆ,” ಎಂದಳು ಅವ್ವ.

“ಬಿಟ್ಟೆ ಅಂದ್ರ ಹೆಂಗಬೇ? ಪೂರಾ?”

“ಪೂರಾ. ಇನ್ನೇನ್ ತೂಗಿ ಕೊಡ್ಲೇನು?”

ಮೊದಲ ಮಾತಿಗೇ ಒಪ್ಪುವವರನ್ನು ನಾನು ನಂಬುವವನಲ್ಲ. ಆದರೆ ಅವಳು ನಿಜವಾಗಿಯೂ ಬಿಟ್ಟಳು. ಏರು ಹತ್ತುವುದನ್ನೂ ಬಿಟ್ಟಳು. ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ರೊಟ್ಟಿಯೂ ಸೇರದಂತಾಯಿತು. ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುತ್ತಿದ್ದಳು. ಹಾಲು, ತತ್ತಿ, ಟಾನಿಕ್ಕು ಎಲ್ಲ ತಂದೆ. ಡಾಕ್ಟರು ಬಾಯಿ ನೋಡಿ ಖುಷಿಪಟ್ಟರು, ಕಾಲನ್ನು ಒತ್ತಿ ಒತ್ತಿ ನೋಡಿದರು. “ಇವರು ಹೀಗೇ ಕೂತರೆ ಹಾಸಿಗೆ ಹಿಡಿಯುತ್ತಾರೆ. ದಿನಾ ನಡೆಸಿ, ನಾಲ್ಕು ಜನರೊಂದಿಗೆ ಬೆರೆಯಲಿ,” ಎಂದರು. ಒಂದು ಕಡೆ ವಾಸಿ, ಇನ್ನೊಂದು ಕಡೆ ಕುಸಿತ. ಎರಡಕ್ಕೂ ಕಾರಣ ಒಂದೇ.

“ಚಿಟಿಕಿ ತಗೋಬ್ಯಾಡ, ಸುಮ್ನ ಹೋಗಿ ಕುಂದ್ರು,” ಎಂದೆ.

“ಎಲ್ಲಾರೂ ತಿಕ್ಕಾಕತ್ತಿರ್ತಾರ, ನಾ ಹಂಗ ಪಿಳಿಪಿಳಿ ನೋಡ್ಕೋತ ಕುಂದರ್ಲಿ? ಏನ್ ಸಿಟ್ಟೋ ಏನೋ ಅಂತಾರ. ಒಲ್ಲೆಪಾ.”

ನಾನೇ ಏರು ಹತ್ತಿದೆ.

“ಬರ್ರಿ ಚೀಲದ ಸಾವ್ಕಾರ್ರ,” ಎಂದಳು ಅಜ್ಜಿ. “ಅವ್ವನ್ನ ಮನ್ಯಾಗ ಕಟ್ಟಿಹಾಕಿ ಈಗ ಯಾರನ್ನ ಕಟ್ಟಾಕ ಬಂದ್ರಿ?”

ತಂಬಾಕಿನ ಕೆಡುಕನ್ನೆಲ್ಲ ವಿವರಿಸಿ, ನೀವೆಲ್ಲರೂ ಬಿಟ್ಟುಬಿಡಿ ಎಂದು ಸಲಹೆ ಕೊಟ್ಟೆ. ಹಲ್ಲಿಲ್ಲದ ಒಬ್ಬಾಕೆ ಬಾಯಿ ಅಗಲಿಸಿ, “ನೋಡಪಾ, ಕೆಡಾಕ ಏನರ ಉಳದದೇನು?” ಎಂದಳು. ಎಲ್ಲರೂ ನಕ್ಕರು. ಪೂರ್ತಿ ಸಿಗದಿದ್ದರೆ ಅರ್ಧಕ್ಕೆ ಇಳಿಯಬೇಕು, ಅದು ನನ್ನ ಕಸುಬು. ಮರುದಿನ ಹೊಸ ಹಂಚು, ಲವಂಗ, ಉಪ್ಪು, ಬಾದಾಮಿ ಸಿಪ್ಪೆ ಒಯ್ದು ಅಜ್ಜಿಯ ಮುಂದಿಟ್ಟೆ. ಇವನ್ನೇ ಕರ್ರಗೆ ಹುರಿದು ಪುಡಿ ಮಾಡಿ ಅವ್ವನಿಗೆ ನಿಮ್ಮ ಕೈಯಿಂದಲೇ ಚಿಟಿಕೆ ಕೊಡಿ ಎಂದೆ. ಅಜ್ಜಿ ಲವಂಗವನ್ನು ಮೂಸಿ ನೋಡಿ, “ಇಟ್ಟು ಹೋಗ್ರಿ,” ಎಂದಳು.

ಅಜ್ಜಿ ಏನು ಹೇಳಿ ಕಳಿಸಿದಳೋ, ಆ ವಾರವೇ ಅವ್ವ ಕೋಲು ಹಿಡಿದು, ಎರಡು ಕಡೆ ಕೂತು ಎದ್ದು, ಏರು ಹತ್ತಿದಳು. ಸಂಜೆ ಬಂದು ರೊಟ್ಟಿ ಕೇಳಿದಳು. ಬೆರಳು ಕಪ್ಪಾಗಿತ್ತು. ಲವಂಗದ ವಾಸನೆ ಇತ್ತು. ಅದರ ಅಡಿಯಲ್ಲಿ ಇನ್ನೇನಾದರೂ ಇತ್ತೋ ತಿಳಿಯಲಿಲ್ಲ. ಕೇಳೋಣವೆಂದರೆ ಹೆಂಡತಿ ತಡೆದಳು: “ಕೇಳಿದ್ರ ಮತ್ತ ಮನಿ ಹಿಡೀತಾರ, ಸುಮ್ಕಿರ್ರಿ.”

ತಡೆಯಲಾಗದೆ ಒಂದು ಮಧ್ಯಾಹ್ನ ನಾನೇ ಹೋದೆ. ಅಂಗಳದಲ್ಲಿ ಎರಡು ಡಬ್ಬಿಗಳಿದ್ದವು, ಎರಡರಲ್ಲೂ ಕಪ್ಪು ಪುಡಿ. ಅಜ್ಜಿ ಅವ್ವನ ಮಗ್ಗುಲಲ್ಲಿದ್ದ ಡಬ್ಬಿಯಿಂದ ಚಿಟಿಕೆ ತೆಗೆದು ನನ್ನತ್ತ ಚಾಚಿದಳು. ಬೇಡವೆನ್ನುವಂತಿರಲಿಲ್ಲ. ತಿಕ್ಕಿಕೊಂಡೆ. ಲವಂಗದ ಖಾರ, ಉಪ್ಪು, ಆಮೇಲೆ ತಲೆ ತುಸು ತಿರುಗಿತು. ಬಿಸಿಲಲ್ಲಿ ಏರು ಹತ್ತಿದ್ದಕ್ಕೋ, ಪುಡಿಗೋ?

“ಹೆಂಗದ?” ಎಂದಳು ಅಜ್ಜಿ.

“ಚಲೋ ಅದರಿ,” ಎಂದೆ.

ನಿಮ್ಮ ಮನೆಯ ಹಿರಿಯರಿಗೆ ಏನನ್ನಾದರೂ ಬಿಡಿಸುವ ಮೊದಲು, ಅದನ್ನು ಅವರು ಎಲ್ಲಿ, ಯಾರ ಜೊತೆ ಕೂತು ಮಾಡುತ್ತಾರೆಂದು ನೋಡಿಕೊಳ್ಳಿ. ಇಷ್ಟು ಮಾತ್ರ ಖಾತ್ರಿಯಾಗಿ ಹೇಳಬಲ್ಲೆ. ಮುಂದಿನ ಸಲ ಡಾಕ್ಟರು ಕಲೆ ಬೆಳೆದಿಲ್ಲ, ಪೂರ್ತಿ ಹೋಗಿಯೂ ಇಲ್ಲ, ತೂಕ ಮಾತ್ರ ಏರಿದೆ ಎಂದರು. ಈಗ ಮಾಡುತ್ತಿರುವುದನ್ನೇ ಮುಂದುವರಿಸಿ ಎಂದು ನನ್ನ ಬೆನ್ನು ತಟ್ಟಿದರು. ಹ್ಞೂಂ ಎಂದೆ. ಏನು ಮಾಡುತ್ತಿದ್ದೀರಿ ಎಂದು ಅವರೇನಾದರೂ ಕೇಳಿದ್ದರೆ, ಉತ್ತರಕ್ಕೆ ನಾನು ಅವ್ವನ ಮುಖ ನೋಡಬೇಕಾಗುತ್ತಿತ್ತು.