ನಲವತ್ತೊಂದನೇ ನಂಬರಿನ ತಲೆ

ಮತ್ತಿಘಟ್ಟದ ಮಧುರಾಗೆ ಮೂವತ್ತೆರಡಾದರೂ ಮದುವೆಯಾಗಿರಲಿಲ್ಲ. ಹುಡುಗಿ ಸಿಕ್ಕರೆ ಸಾಕೆಂದು ನಲವತ್ತು ದಾಟಿದ ಗಂಡುಗಳು ಊರೂರು ಅಲೆಯುವ ನಮ್ಮ ಸೀಮೆಯಲ್ಲಿ ಇದೇನು ಸಣ್ಣ ಸಾಧನೆಯಲ್ಲ. ಸಿರ್ಸಿ ಪೇಟೆಯಲ್ಲಿ ಅವಳದು ಹೊಲಿಗೆ ಅಂಗಡಿ. ಕಂಡವರ ಮದುವೆಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದಳು. ಅವಳ ಜಾತಕ ಮಾತ್ರ ಹೋದ ಮನೆಯಿಂದೆಲ್ಲ ವಾಪಸು ಬರುತ್ತಿತ್ತು. ಕಾರಣ, ಅಣ್ಣ ಕಿಶೋರ.

ಒಂಬತ್ತು ವರ್ಷದ ಹಿಂದೆ ಕಿಶೋರ ಯಲ್ಲಾಪುರ ಬಸ್ಸಿನ ಅಷ್ಟೂ ಜನರನ್ನು ಊಟಕ್ಕೆಂದು ಮನೆಗೆ ಇಳಿಸಿಕೊಂಡು ಬಂದಿದ್ದ. ಹತ್ತು ದಿನ ನಿದ್ದೆಯಿಲ್ಲ, ಬಾಯಿಗೆ ಬಿಡುವಿಲ್ಲ. ಆಮೇಲೆ ಮೂರು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ. ಡಾಕ್ಟರು ಬೈಪೋಲಾರ್ ಎಂದರು. ಊರಿನವರು ತಲೆ ಕೆಟ್ಟಿದೆ ಎಂದು ಮುಗಿಸಿದರು. ಈಗ ಮಾತ್ರೆ ನುಂಗಿಕೊಂಡು, ಪಂಪ್‌ಸೆಟ್ ರಿಪೇರಿ ಮಾಡಿಕೊಂಡು, ಊರಿನ ಅರ್ಧ ಜನರಿಗಿಂತ ನೆಟ್ಟಗಿದ್ದಾನೆ. ಆದರೆ ಊರಿಗೆ ನೆನಪಿರುವುದು ಬಸ್ಸು.

ಅಣ್ಣನ ಕಾಯಿಲೆ ತನಗೂ ಬಂದೀತೇ ಎಂಬ ಹೆದರಿಕೆ ಮಧುರಾಗೂ ಇತ್ತು. ದೊಡ್ಡ ಆಸ್ಪತ್ರೆಯೊಂದರಲ್ಲಿ ಕಾಯಿಲೆಯವರ ಮತ್ತು ಅವರ ಒಡಹುಟ್ಟಿದವರ ಮಿದುಳಿನ ಚಿತ್ರ ತೆಗೆದು ಅಧ್ಯಯನ ಮಾಡುತ್ತಾರೆಂದು ತಿಳಿದಾಗ ಅಣ್ಣ ತಂಗಿ ಇಬ್ಬರೂ ಹೋದರು. ಗಡಗಡ ಸದ್ದು ಮಾಡುವ ಕೊಳವೆಯೊಳಗೆ ಮಲಗಿಸಿ, ನಗುವ ಮುಖ, ಹೆದರಿದ ಮುಖ, ಸಿಟ್ಟಿನ ಮುಖ ತೋರಿಸಿ ಗುಂಡಿ ಒತ್ತಿಸಿದರು. ಸಿಟ್ಟಿನ ಮುಖಕ್ಕೆ ಮಧುರಾ ತಡವರಿಸಲಿಲ್ಲ. ಅಪ್ಪ ನಾಗಪತಿ ಹೆಗಡೆಯನ್ನು ದಿನಾ ನೋಡಿದವಳು. ಹೊರಬಂದು, ತನಗೂ ಕಾಯಿಲೆ ಬರುವ ಯೋಗವಿದೆಯೇ, ಇದ್ದರೆ ಯಾವಾಗ ಎಂದು ಜಾತಕದ ಭಟ್ಟರನ್ನು ಕೇಳುವ ಹಾಗೆ ಡಾಕ್ಟರನ್ನು ಕೇಳಿದಳು. ಒಡಹುಟ್ಟಿದವರಿಗೆ ಸಂಭವ ಉಳಿದವರಿಗಿಂತ ಹೆಚ್ಚು, ಆದರೂ ಬಹಳ ಮಂದಿಗೆ ಬರುವುದಿಲ್ಲ; ನೂರಾರು ಜನರ ಚಿತ್ರ ಒಟ್ಟಿಗೆ ನೋಡಿದರೆ ಏನಾದರೂ ತಿಳಿದೀತು, ಒಬ್ಬರ ಚಿತ್ರ ನೋಡಿ ಭವಿಷ್ಯ ಹೇಳಲಾಗದು ಎಂದರು ಡಾಕ್ಟರು. ನೆನಪಿಗೆಂದು ಇಬ್ಬರಿಗೂ ಒಂದೊಂದು ಚಿತ್ರ ಕೊಟ್ಟರು. ಹೆಸರಿಲ್ಲ, ಮೂಲೆಯಲ್ಲಿ ಬರೀ ನಂಬರು. ಕಿಶೋರನದು ನಲವತ್ತೊಂದು, ಮಧುರಾಳದು ನಲವತ್ತೆರಡು.

ಮಂಚಿಕೇರಿಯ ಪ್ರಮೋದನ ಮನೆಯಿಂದ ಜಾತಕ ಕೇಳಿದಾಗ ನಾಗಪತಿ ಹೆಗಡೆಗೆ ಭಾರೀ ಬುದ್ಧಿ ಓಡಿತು. ಕಪಾಟಿನಿಂದ ಮಗಳ ಮಿದುಳಿನ ಚಿತ್ರ ತೆಗೆದು, ಜಾತಕಕ್ಕೆ ಹಚ್ಚುವಂತೆ ಅದರ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿ, ದೋಷವಿಲ್ಲವೆಂದು ದೊಡ್ಡ ಆಸ್ಪತ್ರೆಯೇ ಬರೆದುಕೊಟ್ಟಿದೆ ಎಂದು ಚೀಟಿಯಿಟ್ಟು ಕಳಿಸಿಬಿಟ್ಟರು. ಕನ್ನಡಕ ಹಾಕಿರಲಿಲ್ಲ. ಆ ಸುಳ್ಳು ಚೀಟಿಯ ವಿಷಯ ಮಧುರಾಗೆ ತಿಳಿಯುವ ಹೊತ್ತಿಗೆ ಹೆಣ್ಣು ನೋಡುವ ದಿನ ನಿಗದಿಯಾಗಿತ್ತು. ತಿಂಗಳಿನಿಂದ ಪ್ರಮೋದನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಇವನೇ ಬೇಕೆಂದು ಮನಸ್ಸು ಹಟ ಹಿಡಿದಿತ್ತು. ಹಾಗಾಗಿ ಬಾಯಿ ಮುಚ್ಚಿಕೊಂಡಳು.

ಆ ದಿನ ಪ್ರಮೋದನ ಅಪ್ಪ ಜಗುಲಿಯಲ್ಲಿ ಕೂತು ಚಿತ್ರ ಹೊರತೆಗೆದರು. ತಮ್ಮ ಮನೆತನದ ಭಟ್ಟರಿಗೆ ತೋರಿಸಿದ್ದಾಯಿತು, ಔಷಧ ಅಂಗಡಿಯ ಅಳಿಯನಿಗೂ ತೋರಿಸಿದ್ದಾಯಿತು, ಇಂಥ ಸಮಾಧಾನದ ತಲೆ ಕಂಡೇ ಇಲ್ಲವೆಂದು ಇಬ್ಬರೂ ಹೇಳಿದರು ಎಂದು ಹೊಗಳಿ, ಇದೇ ಮಾಘದಲ್ಲಿ ಮದುವೆ ಮುಗಿಸೋಣ ಎಂದರು. ಮಧುರಾ ಮೂಲೆಯ ಕುಂಕುಮದ ಪಕ್ಕ ನೋಡಿದಳು. ನಲವತ್ತೊಂದು.

ಬಂದವರಿಗೆಂದು ಸಿಹಿ ತೊಡದೇವಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಕಿಶೋರನೂ ಅದನ್ನು ಕಂಡ. ಹೇಳಬೇಡ ಎಂದು ತಂಗಿಗೆ ತಲೆಯಾಡಿಸಿದ. ಸುಮ್ಮನಿದ್ದರೆ ಪ್ರಮೋದ ಸಿಗುತ್ತಾನೆ, ಅಣ್ಣನ ಪಾಲಿಗೆ ಬಂದ ಒಂದೇ ಒಂದು ಹೊಗಳಿಕೆ ತನ್ನ ಹೆಸರಿಗೆ ಸೇರುತ್ತದೆ.

“ಅದು ಎನ್ನ ತಲೆ ಅಲ್ಲ, ಅಣ್ಣಂದು,” ಎಂದಳು. “ಎನಗೆ ಆ ಕಾಯಿಲೆ ಬರ್ತೋ ಇಲ್ಯೋ ಡಾಕ್ಟರಿಗೂ ಗೊತ್ತಿಲ್ಲೆ.”

ನಾಗಪತಿ ಹೆಗಡೆ ಎಲೆಯಡಿಕೆಯ ಕವಳದ ತಟ್ಟೆಯಲ್ಲಿ ಸುಣ್ಣ ಹುಡುಕತೊಡಗಿದರು. ಪ್ರಮೋದನ ಅಪ್ಪ ಚಿತ್ರವನ್ನು ಮೆಲ್ಲಗೆ ಚಾಪೆಯ ಮೇಲಿಟ್ಟರು. ಕಿಶೋರ ತಟ್ಟೆ ಇಳಿಸಿ ಅದನ್ನು ಎತ್ತಿಕೊಂಡ.

“ಭಟ್ರು ಎಂತ ಹೇಳಿದ್ದು? ಇನ್ನೊಂದ್ ಸಲ ಹೇಳಿ,” ಎಂದು ಪ್ರಮೋದನ ಅಪ್ಪನನ್ನು ಕೇಳಿದ.

ಅವರು ಮಗನ ಮುಖ ನೋಡಿದರು. ಪ್ರಮೋದ ಬೆಂಚಿನಲ್ಲಿ ಸರಿದು ಕಿಶೋರನಿಗೆ ಜಾಗ ಮಾಡಿದ.

“ಇಂಥ ಸಮಾಧಾನದ ತಲೆ ನೋಡಿದ್ದೇ ಇಲ್ಲೆ ಹೇಳಿದ್ರು, ಭಾವ.”